ಮೆಟ್ಟಿಲು ಮೊದಲಾಗಿ, ಕಿಟಕಿ ಕೊನೆಯಾಗಿ

ನಾನು ಒಮ್ಮೆಯೂ ಮುಖ ನೋಡದ ಅಣ್ಣನಿಗೆ,

ನಮಸ್ಕಾರ. ನಿಮ್ಮನ್ನು ಏನೆಂದು ಕರೆಯಬೇಕೆಂದು ಬಹಳ ಯೋಚಿಸಿದೆ. ಒಬ್ಬ ಗಂಡಸಿಗೆ ಇಬ್ಬರು ಹೆಂಡತಿಯರಿದ್ದರೆ ಆ ಹೆಂಗಸರು ಒಬ್ಬರಿಗೊಬ್ಬರು ಏನಾಗಬೇಕು ಎನ್ನುವುದಕ್ಕೆ ಸವತಿ ಎಂಬ ಮಾತಿದೆ. ಒಬ್ಬಳನ್ನೇ ಒಬ್ಬರಾದ ಮೇಲೊಬ್ಬರು ಮದುವೆಯಾದ ನಮ್ಮಂಥ ಗಂಡಸರಿಗೆ ನಮ್ಮ ಭಾಷೆಯಲ್ಲಿ ಒಂದು ಮಾತೂ ಇಲ್ಲ. ನೀವು ನನಗಿಂತ ಮೂರು ವರ್ಷ ಮೊದಲು ಹುಟ್ಟಿದವರು, ಆದ್ದರಿಂದ ಅಣ್ಣ. ಆದರೆ ನೀವು ಮೂವತ್ತಮೂರಕ್ಕೆ ನಿಂತುಬಿಟ್ಟಿರಿ, ನನಗೀಗ ಐವತ್ತೆರಡು. ಎದುರಿಗೆ ಬಂದರೆ ನೀವೇ ನನಗೆ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದಿರೇನೋ.

ಈ ಪತ್ರ ನಿಮ್ಮ ಪಟ್ಟಿಯ ವಿಷಯಕ್ಕೆ. ನೀವು ಪ್ರಾಣ ಬಿಡುತ್ತಿದ್ದ ಆ ಬ್ಯಾಂಡಿನ ಏಳು ಆಲ್ಬಮ್‌ಗಳನ್ನು ಒಂದರಿಂದ ಏಳರವರೆಗೆ ಬರೆದಿಟ್ಟು ಹೋಗಿದ್ದಿರಲ್ಲ, ಆ ಪಟ್ಟಿ. ಅದನ್ನು ನಾನು ಹದಿನಾರು ವರ್ಷ ತಲೆಕೆಳಗಾಗಿ ಓದಿದೆ. ನಾನು ಓದಿದ್ದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಿಮ್ಮ ಮಗಳಿಗೂ ಹಾಗೆಯೇ ಓದಿಸಿದೆ. ನೀವು ಎಂಥವರು ಎಂದು ಅವಳು ತಿಳಿದುಕೊಂಡದ್ದೆಲ್ಲ ಆ ಓದಿನಿಂದಲೇ. ಅವಳಿಗೆ ನಿಜ ಹೇಳಬೇಕೋ ಬೇಡವೋ ಎಂದು ಹೋದ ತಿಂಗಳು ಹನ್ನೊಂದು ದಿನ ಒದ್ದಾಡಿದೆ. ಹೇಳಿದರೆ ಅವಳು ನನ್ನ ಪಾಲಿಗೆ ಉಳಿಯುತ್ತಾಳೋ ಇಲ್ಲವೋ ಎನ್ನುವ ಭಯ ಒಂದು ಕಡೆ. ಹೇಳದಿದ್ದರೆ ನಿಮಗೆ ಮಾಡುವ ಅನ್ಯಾಯ ಇನ್ನೊಂದು ಕಡೆ. ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ನನ್ನದು ಸ್ವಲ್ಪ ಎಳೆದು ಮಾತಾಡುವ ಸ್ವಭಾವ, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕನ್ನಡಕದವನು. ಬೀದಿಯ ತಿರುವಿನಲ್ಲಿ ಒಂದು ಅಂಗಡಿ, ಒಳಗೆ ಗಾಜು ಉಜ್ಜುವ ಯಂತ್ರ, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ. ನಿಮ್ಮ ಮಗಳು ಏಳು ವರ್ಷದವಳಿದ್ದಾಗ ಅವಳಮ್ಮ ಅವಳ ಕೈ ಹಿಡಿದುಕೊಂಡು ಅಲ್ಲಿಗೆ ಬಂದಳು. ಕಪ್ಪುಹಲಗೆ ಕಾಣುವುದಿಲ್ಲವೆಂದು ಶಾಲೆಯಿಂದ ಹೇಳಿ ಕಳಿಸಿದ್ದರಂತೆ. ಪರೀಕ್ಷೆ ಮಾಡುವಾಗ ಮಗು ನನ್ನನ್ನು ‘ಡಾಕ್ಟ್ರೇ’ ಎಂದಳು. ‘ನಾನು ಡಾಕ್ಟರಲ್ಲಮ್ಮ, ಕನ್ನಡಕ ಮಾಡೋನು’ ಎಂದೆ. ‘ಇರ್ಲಿ ಡಾಕ್ಟ್ರೇ’ ಎಂದಳು. ಅಲ್ಲಿಂದ ಇಲ್ಲಿಯವರೆಗೆ ನಾನು ಆ ಮನೆಯಲ್ಲಿ ಡಾಕ್ಟರೇ. ಆ ಕನ್ನಡಕದ ಮೂಗುಪಟ್ಟಿ ಸರಿಮಾಡಲು, ತಿರುಪು ಬಿಗಿ ಮಾಡಲು ಎಂದು ಅವರು ಮತ್ತೆ ಮತ್ತೆ ಬಂದರು. ಆಮೇಲೆ ತಿರುಪು ಸಡಿಲವಾಗದಿದ್ದರೂ ಬಂದರು. ವರ್ಷ ತುಂಬುವುದರೊಳಗೆ ನಮ್ಮ ಮದುವೆಯಾಯಿತು.

ಅಂಗಡಿಯಲ್ಲಿ ಅಷ್ಟು ಸಲಿಗೆಯಿಂದಿದ್ದ ಹುಡುಗಿ ನಾನು ಮನೆಯೊಳಗೆ ಕಾಲಿಟ್ಟ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಳು. ಒಂದು ತಿಂಗಳಲ್ಲ, ಎರಡಲ್ಲ, ಐದು ತಿಂಗಳು. ನಾನು ಕೂತ ಕೋಣೆಗೆ ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನಷ್ಟೇ ನೋಡುತ್ತಿದ್ದಳು. ಅವಳಮ್ಮ ಗದರಲು ಹೋದರೆ ನಾನೇ ಬೇಡವೆನ್ನುತ್ತಿದ್ದೆ, ಆದರೆ ಒಳಗೊಳಗೇ ನನಗೂ ಸಿಟ್ಟು ಬರುತ್ತಿತ್ತು. ಎಂಟು ವರ್ಷದ ಮಗುವಿನ ಮೇಲೆ ಹಗೆ ಸಾಧಿಸುವಷ್ಟು ಸಣ್ಣವನಾಗಿದ್ದೆ ಆಗ. ಮುಚ್ಚಿಡುವುದೇನು, ನಿಮ್ಮ ಮೇಲೂ ಸಿಟ್ಟಿತ್ತು. ಸತ್ತವರ ಜೊತೆ ಪೈಪೋಟಿ ಮಾಡುವುದು ಹೇಗೆ ಹೇಳಿ. ಅವರು ತಪ್ಪೇ ಮಾಡುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಟ್ಟ ಗುಡಿಸಲು ಹತ್ತಿದಾಗ ನಿಮ್ಮ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹಾಳೆಗಳಲ್ಲಿ ಸುತ್ತಿದ ಏಳು ರೆಕಾರ್ಡುಗಳು, ಪಕ್ಕದಲ್ಲಿ ಬೆಲ್ಟು ಹರಿದ ಪ್ಲೇಯರು. ಅವಳು ನಿಮ್ಮ ನೆನಪೇ ಇಲ್ಲದ ಮಗು. ನೀವು ಆರು ದಿನದ ಜ್ವರದಲ್ಲಿ ಹೋದಾಗ ಅವಳಿಗಿನ್ನೂ ಎರಡು ವರ್ಷ. ನಾನು ಪೆಟ್ಟಿಗೆ ಕೆಳಗಿಳಿಸಿ, ಅಂಗಡಿಯ ಸಣ್ಣ ತಿರುಪುಳಿಗಳನ್ನು ತಂದು ಪ್ಲೇಯರು ಬಿಚ್ಚಿ ಕೂತೆ. ಬಾಗಿಲ ಸಂದಿಯಿಂದ ಎರಡು ಕಣ್ಣು ನೋಡುತ್ತಿದ್ದವು. ನಾನು ನೋಡದವನಂತೆ ಕೆಲಸ ಮಾಡಿದೆ. ಮೊದಲನೆಯ ರೆಕಾರ್ಡಿನ ಲಕೋಟೆಯೊಳಗೆ ನಾಲ್ಕಾಗಿ ಮಡಿಸಿದ ಕಾಗದವಿತ್ತು. ನಿಮ್ಮ ಕೈಬರಹ, ಅಚ್ಚುಕಟ್ಟು. ಮೇಲೆ ತಲೆಬರಹ ಏನೂ ಇಲ್ಲ. ಒಂದು, ಮೆಟ್ಟಿಲು. ಎರಡು, ದೀಪದ ಕಂಬ. ಮೂರು, ನಾಯಿ. ನಾಲ್ಕು, ಖಾಲಿ ಕುರ್ಚಿ. ಐದು, ಕೆಂಪು ಬಾಗಿಲು. ಆರು, ಈಜುಕೊಳ. ಏಳು, ಕಿಟಕಿ. ಹೊದಿಕೆಯ ಮೇಲಿನ ಚಿತ್ರಗಳಿಂದಲೇ ನೀವು ಅವನ್ನು ಕರೆಯುತ್ತಿದ್ದಿರಿ ಎಂದು ತಿಳಿಯಿತು. ನಮ್ಮ ಮನೆಯಲ್ಲೂ ಅವುಗಳಿಗೆ ಅವೇ ಹೆಸರಾದವು.

ಪಟ್ಟಿ ಎಂದರೆ ಒಂದನೆಯದು ಒಳ್ಳೆಯದು, ಕೊನೆಯದು ಕಳಪೆ. ಯಾರಾದರೂ ಹಾಗೇ ಓದುತ್ತಾರೆ. ನಾನೂ ಹಾಗೇ ಓದಿ, ಬಾಗಿಲ ಸಂದಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ: ‘ನಿಮ್ಮಪ್ಪಂಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಮೆಟ್ಟಿಲು. ಅವರೇ ಬರೆದಿಟ್ಟಿದ್ದಾರೆ ನೋಡು.’

ಅವಳು ಬಂದಳು. ಸೀದಾ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಕಾಗದ ಕಿತ್ತುಕೊಂಡಳು. ‘ಹಾಕಿ ಡಾಕ್ಟ್ರೇ’ ಎಂದಳು. ಐದು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಅವಳಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಕಾಗದ ನೋಡಿದಳು, ನಮ್ಮಿಬ್ಬರನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನೆ ಒಳಗೆ ಹೋದಳು.

ಅಣ್ಣ, ಆ ಮೆಟ್ಟಿಲು ಎಂಬ ಆಲ್ಬಮ್ಮಿನ ಬಗ್ಗೆ ನಿಮಗೆ ನಾನು ಹೇಳಬೇಕೇ. ಎರಡನೆಯ ಬದಿಯಲ್ಲಿ ಹನ್ನೊಂದು ನಿಮಿಷದ ಒಂದು ಹಾಡಿದೆ. ಹಾಡು ಎಂದೆನಲ್ಲ, ಕಬ್ಬಿಣದ ಅಲಮಾರಿಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಎಳೆದ ಹಾಗಿದೆ. ಗಿಟಾರಿನವನಿಗೂ ಡ್ರಮ್ಸಿನವನಿಗೂ ಮಾತು ಬಿಟ್ಟಂತಿದೆ. ಹಾಡುವವನು ಮೂರನೆಯ ಹಾಡಿನಿಂದ ಆಚೆಗೆ ಹಾಡುವುದೇ ಇಲ್ಲ, ಗೊಣಗುತ್ತಾನೆ. ಇದು ಆಲ್ಟರ್ನೇಟಿವ್ ರಾಕ್ ಎಂದು ಆಮೇಲೆ ಮಗಳೇ ನನಗೆ ಹೇಳಿಕೊಟ್ಟಳು. ಉಳಿದವನ್ನು ಕೇಳಿದ ಮೇಲೆ ಆ ಬಗೆಯ ಸಂಗೀತದ ಮೇಲೆ ನನಗೆ ಯಾವ ದ್ವೇಷವೂ ಉಳಿಯಲಿಲ್ಲ. ಆದರೆ ಮೆಟ್ಟಿಲು ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿಯದು. ಅಂಥದ್ದನ್ನು ಹದಿನಾರು ವರ್ಷ, ಪ್ರತಿ ಭಾನುವಾರ ಸ್ನಾನವಾದ ಮೇಲೆ, ಎರಡೂ ಬದಿ, ಆ ಹುಡುಗಿಯ ಪಕ್ಕ ಕೂತು ಕೇಳಿದೆ. ಎಲ್ಲಿ ತಲೆದೂಗಬೇಕು, ಎಲ್ಲಿ ಕಣ್ಣು ಮುಚ್ಚಬೇಕು ಎಲ್ಲ ಬಾಯಿಪಾಠವಾಗಿತ್ತು. ಅವಳು ಓರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಅವಳ ಮುಖದಲ್ಲಿ ಅಷ್ಟು ಭಕ್ತಿ ಕಂಡ ಮೇಲೆ ನಾನು ಹೇಗೆ ಮೂಗು ಮುರಿಯಲಿ.

ಮಿಕ್ಕವಕ್ಕೂ ಅವಳು ನಿಮ್ಮ ಪಟ್ಟಿಯಂತೆಯೇ ಮರ್ಯಾದೆ ಕೊಟ್ಟಳು. ದೀಪದ ಕಂಬವನ್ನು ತಿಂಗಳಿಗೆರಡು ಸಲ. ಅದರಲ್ಲಿ ಡ್ರಮ್ಸು ಎಲ್ಲ ಹಾಡಿನಲ್ಲೂ ಒಂದುಸಿರು ತಡವಾಗಿ ಬರುತ್ತದೆ, ಕೇಳುವವನಿಗೆ ಎಡವಿದಂತಾಗುತ್ತದೆ. ‘ಅದು ಬೇಕಂತಲೇ ಮಾಡಿರೋದು’ ಎಂದು ಅವಳು ವಾದಿಸುತ್ತಿದ್ದಳು. ನಾಯಿಯ ವಿಷಯದಲ್ಲಿ ನನಗೆ ಈಗಲೂ ನಿಮ್ಮ ಮೇಲೆ ತಕರಾರಿದೆ. ಅವಳಿಗೆ ಹನ್ನೆರಡಿದ್ದಾಗ ಕಾಮಾಲೆಯಾಗಿ ತಿಂಗಳು ಹಾಸಿಗೆ ಹಿಡಿದಳು. ಆಗ ಬಾಗಿಲು ಮುಚ್ಚಿ ಸಣ್ಣ ದನಿಯಲ್ಲಿ ನಾಯಿ ಹಾಕುತ್ತಿದ್ದೆ. ಹಾಡುವವನು ನಡುವೆ ಸಾಲು ಮರೆತು ನಕ್ಕುಬಿಡುತ್ತಾನಲ್ಲ, ಅದನ್ನು ಅವರು ಹಾಗೇ ಬಿಟ್ಟಿದ್ದಾರಲ್ಲ, ಪ್ರತಿ ಸಲ ಅಲ್ಲಿಗೆ ಬಂದಾಗ ಅವಳೂ ನಗುತ್ತಿದ್ದಳು. ಅಂಥ ಆಲ್ಬಮ್ಮನ್ನು ಕಳಪೆಯಲ್ಲಿ ಮೂರನೆಯದಾಗಿ ಎಣಿಸಿದ್ದಿರಲ್ಲ, ನಿಮಗೇನಾಗಿತ್ತು. ಖಾಲಿ ಕುರ್ಚಿಯ ಬಗ್ಗೆ ಜಗಳವಿಲ್ಲ. ಕೆಂಪು ಬಾಗಿಲು ಅವರ ಮೊದಲನೆಯದು, ಹುಡುಗುತನದ್ದು, ಶ್ರುತಿ ಸೇರದಿದ್ದರೂ ಹುಮ್ಮಸ್ಸಿದೆ. ಈಜುಕೊಳ ಯಾವಾಗಲೋ ಒಮ್ಮೆ ಹಾಕಿದರೆ ಅಡುಗೆಮನೆಯಲ್ಲಿ ಅವಳಮ್ಮ ಅದರ ನಾಲ್ಕನೆಯ ಹಾಡಿಗೆ ದನಿಗೂಡಿಸುತ್ತಿದ್ದಳು. ‘ನಂಗೆ ಇದೆಲ್ಲ ಬರೀ ಗದ್ದಲ’ ಎನ್ನುವವಳ ಬಾಯಲ್ಲಿ ಆ ರಾಗ ಎಲ್ಲಿಂದ ಬಂತೆಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಕಿಟಕಿಯನ್ನು ಮಾತ್ರ ಅವಳು ಹಾಕಿಸಲೇ ಇಲ್ಲ. ಕಾರಣ ನಿಮ್ಮ ಪಟ್ಟಿಯ ಏಳನೆಯ ಸಾಲು. ಆ ಬ್ಯಾಂಡಿನ ಏಳರಲ್ಲಿ ಜನಕ್ಕೆ ಮುಟ್ಟಿದ್ದು ಅದೊಂದೇ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರದೋ ಫೋನಿನಲ್ಲಿ ಅದರ ಹಾಡು ಕೇಳಿದರೆ ಅವಳು ಮುಖ ತಿರುಗಿಸುತ್ತಿದ್ದಳು. ‘ಎಲ್ಲರಿಗೂ ಇಷ್ಟ ಆಗೋದು ಅಪ್ಪಂಗೆ ಬೇಡ. ಯಾರಿಗೂ ಬೇಡದ್ದರಲ್ಲಿ ಅಪ್ಪ ಏನೋ ಕಂಡಿದ್ರು’ ಎನ್ನುತ್ತಿದ್ದಳು. ಕೇಳುವವರೆಲ್ಲ ಮೆಟ್ಟಿಲನ್ನು ಬೈದಷ್ಟೂ ಅವಳ ಕಣ್ಣಲ್ಲಿ ನೀವು ಎತ್ತರವಾದಿರಿ. ಕಾಲಿಗೆ ಬಲವಿಲ್ಲದ ಮಕ್ಕಳಿಗೆ ನಡೆಯಲು ಕಲಿಸುವ ತರಬೇತಿಗೆ ಸೇರಿದಳು. ಎರಡನೆಯ ವರ್ಷ, ಒಂದು ಮಗು ಎಂಟು ತಿಂಗಳಾದರೂ ಒಂದು ಹೆಜ್ಜೆ ಇಡಲಿಲ್ಲವೆಂದು ಅತ್ತುಕೊಂಡು ಬಂದು, ಕೈಲಾಗದು, ಬಿಡುತ್ತೇನೆ ಎಂದಳು. ಎರಡು ದಿನ ಮಂಕಾಗಿದ್ದು ಮೂರನೆಯ ದಿನ ತಾನೇ ಎದ್ದು ಚೀಲ ಹೆಗಲಿಗೇರಿಸಿದಳು. ‘ಕಷ್ಟವಾದದ್ದನ್ನೇ ಮೊದಲು ಇಟ್ಟವರ ಮಗಳು ನಾನು’ ಎಂದಳು. ಆ ಮಗು ಆಮೇಲೆ ನಡೆಯಿತು, ಅದು ಬೇರೆ ಮಾತು.

ಹೋದ ತಿಂಗಳು ಅಂಗಡಿಗೆ ಒಬ್ಬ ಹಿರಿಯರು ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡವರು, ಹೊಸ ಕನ್ನಡಕ ಬೇಕಿತ್ತು. ಚೀಟಿ ಬರೆಯುವಾಗ ಎಲ್ಲಿ ಕೆಲಸ ಮಾಡಿದ್ದಿರಿ ಎಂದು ಮಾತಿಗೆ ಕೇಳಿದೆ. ಔಷಧದ ಉಗ್ರಾಣ ಎಂದರು. ನನ್ನ ಮಗಳ ತಂದೆಯೂ ಅಲ್ಲೇ ಇದ್ದರು ಎಂದೆ. ಯಾರೆಂದು ತಿಳಿದ ಕೂಡಲೇ ಅವರು ನನ್ನ ಕೈ ಹಿಡಿದುಕೊಂಡರು. ನಿಮ್ಮ ಪಕ್ಕದ ಮೇಜಿನವರಂತೆ. ನಿಮ್ಮನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಂಡು, ಒರೆಸಬೇಡಿ ಎಂದು ಡಾಕ್ಟರು ಹೇಳಿದ್ದಾರೆಂದು ಹಾಗೇ ಕೂತರು.

‘ನಂಗೊಂದು ರೆಕಾರ್ಡ್ ಕೊಡ್ತೀನಿ ಅಂದಿದ್ದ’ ಎಂದರು ಆಮೇಲೆ ನಗುತ್ತ. ‘ಮೆಟ್ಟಿಲ ಚಿತ್ರ ಇರೋದು. ನಮ್ಮ ಮನೆಯವಳಿಗೆ ಆ ಚಿತ್ರ ಇಷ್ಟ, ಕಟ್ಟು ಹಾಕಿಸಿ ಗೋಡೆಗೆ ಹಾಕೋಣ ಅಂತ. ಹಾಡು ಕೇಳ್ಬೇಡಿ, ತಲೆನೋವು ಬರುತ್ತೆ, ಅದನ್ನ ಕೇಳೋಕಾಗಲ್ಲ ಅಂತ ಅವನೇ ಹೇಳಿದ್ದ. ಮಗು ಬರುತ್ತೆ, ಬಟ್ಟೆ ಇಡೋಕೆ ಆ ಹಲಗೆ ಖಾಲಿ ಮಾಡಿ ಅಂತ ಮನೇಲಿ ಒತ್ತಾಯ. ಬೇರೆಯವೆಲ್ಲ ಕೊಟ್ಟಾಯ್ತು, ಇವನ್ನ ಮಾತ್ರ ತಿಂಗಳಿಗೊಂದು ಕೊಡ್ತೀನಿ ಅಂತ ಪಟ್ಟಿ ಬರೆದ. ನಮ್ಮ ಉಗ್ರಾಣದ ಪದ್ಧತಿ ನೋಡಿ. ಯಾವುದು ಮೊದಲು ಹೊರಗೆ ಹೋಗ್ಬೇಕೋ ಅದು ಮೇಲೆ, ಉಳಿಸ್ಕೊಳ್ಳೋದು ಕೆಳಗೆ. ಮೊದಲನೇದು ನಿಂಗೆ ಅಂದ. ಅಷ್ಟರಲ್ಲಿ ಮಗು ದಿನ ತುಂಬೋ ಮೊದಲೇ ಹುಟ್ತು. ಪಟ್ಟಿ ಎಲ್ಲಿ, ರೆಕಾರ್ಡ್ ಎಲ್ಲಿ.’

ನಾನು ಕೈಯಲ್ಲಿದ್ದ ಗಾಜು ಕೆಳಗಿಟ್ಟೆ. ನನ್ನದು ಬೆಳಗಿಂದ ಸಂಜೆಯವರೆಗೆ ಕಂಡವರ ದೃಷ್ಟಿದೋಷ ತಿದ್ದುವ ಕೆಲಸ. ಹದಿನಾರು ವರ್ಷ ಒಂದು ಸಣ್ಣ ಕಾಗದವನ್ನು ಸರಿಯಾಗಿ ಓದಲಾಗಲಿಲ್ಲ. ಅವರಿಗೆ ಏನೂ ಹೇಳದೆ ಕನ್ನಡಕ ಮಾಡಿ ಕಳಿಸಿದೆ. ಅಂಗಡಿ ಬೇಗ ಮುಚ್ಚಿದೆ.

ಮನೆಗೆ ಬಂದು ನಿಮ್ಮ ಹೆಂಡತಿಗೆ, ನನ್ನ ಹೆಂಡತಿಗೆ, ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ‘ಗೊತ್ತಿತ್ತು ರೀ’ ಎಂದಳು. ‘ಆ ಪಟ್ಟಿ ಬರೆಸಿದ್ದೇ ನಾನು. ಅವತ್ತು ಹೇಳೋಣ ಅಂತ ಬಾಗಿಲಿಗೆ ಬಂದೆ. ಐದು ತಿಂಗಳಿಂದ ನಿಮ್ಮ ಮುಖ ನೋಡದ ಹುಡುಗಿ ನಿಮ್ಮ ಪಕ್ಕ ಕೂತಿದ್ಲು. ನಾನು ಬಾಯಿ ಬಿಟ್ಟಿದ್ರೆ ಎದ್ದು ಹೋಗ್ತಿದ್ಲು. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಹೇಳೋ ಹೊತ್ತು ಬರ್ಲೇ ಇಲ್ಲ.’

‘ಅವರಿಗೆ ಇಷ್ಟವಾದದ್ದು ಕಿಟಕಿನಾ?’ ಎಂದೆ.

‘ದಿನಾ ಬೆಳಿಗ್ಗೆ ಗಡ್ಡ ಹೆರ್ಕೊಳ್ಳೋವಾಗ ಹಾಕೋರು’ ಎಂದಳು. ‘ಅದಾದ್ಮೇಲೆ ಈಜುಕೊಳ. ನಂಗೆ ಕೇಳಿ ಕೇಳಿ ಸಾಕಾಗಿತ್ತು.’ ಅಷ್ಟು ಹೇಳಿ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸಿದಳು. ಹದಿನಾರು ವರ್ಷ ಪ್ರತಿ ಭಾನುವಾರ ಅವಳು ಅಡುಗೆಮನೆಯಲ್ಲಿ ನಿಂತು, ತನ್ನ ಗಂಡನಿಗೆ ಬೇಡವಾದದ್ದನ್ನು ತನ್ನ ಮಗಳು ಅವನ ಹೆಸರಿನಲ್ಲಿ ಪೂಜಿಸುವುದನ್ನು ಕೇಳಿಸಿಕೊಂಡಿದ್ದಾಳೆ. ನಾನು ಅವಳನ್ನು ಏನೂ ಅನ್ನಲಿಲ್ಲ. ಅವಳು ಉಳಿಸಿದ್ದು ನನ್ನನ್ನೇ ಅಲ್ಲವೇ.

ಮಗಳಿಗೆ ಅಷ್ಟರಲ್ಲಿ ದೂರದ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಕೊಡುವ ಕೋಣೆಯಲ್ಲಿ ಒಂದು ಮಂಚ, ಒಂದು ಹಲಗೆ. ಸಣ್ಣ ಪ್ಲೇಯರು ಒಂದನ್ನು ಕೊಂಡಿದ್ದಳು. ‘ಒಂದೇ ರೆಕಾರ್ಡ್ ಒಯ್ತೀನಿ ಡಾಕ್ಟ್ರೇ, ಮೆಟ್ಟಿಲು. ಮಿಕ್ಕವು ನಿಮ್ಮ ಹತ್ರ ಇರ್ಲಿ’ ಎಂದು ಹೇಳಿಯಾಗಿತ್ತು. ಹೊರಡಲು ಹನ್ನೊಂದು ದಿನವಿತ್ತು. ನಾನು ದಿನಾ ಹೇಳಬೇಕೆಂದು ಬಾಯಿ ತೆರೆದೆ, ದಿನಾ ಬೇರೇನೋ ಕೇಳಿದೆ. ಛತ್ರಿ ಇಟ್ಟುಕೊಂಡೆಯಾ, ಕನ್ನಡಕ ಇನ್ನೊಂದು ಜೊತೆ ಇಟ್ಟುಕೊಂಡೆಯಾ ಎಂದು ತಲೆ ತಿಂದೆ. ಅವಳು ಇಡೀ ಬಾಳಿನಲ್ಲಿ ನಿಮ್ಮಿಂದ ಪಡೆದ ಒಂದೇ ಒಂದು ಮಾತು ಅದು, ಅಪ್ಪನಿಗೆ ಇದು ಇಷ್ಟ ಎನ್ನುವುದು. ಅದನ್ನೇ ಕಿತ್ತುಕೊಂಡರೆ ಅವಳ ಕೈಯಲ್ಲಿ ಏನುಳಿಯುತ್ತದೆ? ನನ್ನ ಕೈಯಲ್ಲಿ ಏನುಳಿಯುತ್ತದೆ? ನಾನು ಅವಳ ಪಕ್ಕ ಕೂರಲು ಸಿಕ್ಕ ಜಾಗವೇ ಆ ಸುಳ್ಳಿನದು.

ಆದರೆ ಕೊನೆಯ ಭಾನುವಾರ ಅವಳು ಮೆಟ್ಟಿಲನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುವುದನ್ನು ಕಂಡಾಗ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಹಿರಿಯರು ಬಂದದ್ದು, ಉಗ್ರಾಣದ ಪದ್ಧತಿ, ಹಲಗೆ ಖಾಲಿ ಮಾಡುವ ಪಟ್ಟಿ, ಎಲ್ಲ. ಅವಳು ಅಮ್ಮನ ಕಡೆ ತಿರುಗಿ ‘ನಿಂಗೆ ಗೊತ್ತಿತ್ತಾ?’ ಎಂದಳು. ‘ಗೊತ್ತಿತ್ತು ಮರಿ’ ಎಂದಳು ಅವಳು. ಮಗಳು ಕಪಾಟಿನಿಂದ ಕಿಟಕಿ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾವಿಬ್ಬರೂ ಹೊರಗೆ ಕೂತು ಕೇಳಿದೆವು. ಎಷ್ಟು ಸರಳವಾದ ಹಾಡುಗಳು ಅಣ್ಣ. ಯಾರು ಕೇಳಿದರೂ ಮೊದಲ ಸಲಕ್ಕೇ ಹಿಡಿಸುವಂಥವು. ಗಡ್ಡ ಹೆರೆದುಕೊಳ್ಳುತ್ತ ಗುನುಗಬಹುದಾದಂಥವು. ಒಂದು ಬದಿ ಮುಗಿಯಿತು. ಅವಳು ತಿರುಗಿಸಿ ಹಾಕಿದಳು. ಅದೂ ಮುಗಿಯಿತು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಕೈ ತಣ್ಣಗಿತ್ತು.

ಬಾಗಿಲು ತೆರೆದಾಗ ಅವಳ ಮುಖವೆಲ್ಲ ಅತ್ತು ಊದಿಕೊಂಡಿತ್ತು. ಬಂದು ನಮ್ಮೆದುರಿಗೆ ನೆಲದ ಮೇಲೆ ಕೂತಳು. ‘ಅಪ್ಪ ಎಲ್ಲರ ಹಾಗೇ ಇದ್ರು’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

‘ಡಾಕ್ಟ್ರೇ, ಒಂದು ಹೇಳ್ತೀನಿ, ಬೈಬೇಡಿ. ನಂಗೆ ಮೆಟ್ಟಿಲು ಯಾವತ್ತೂ ಇಷ್ಟ ಆಗ್ಲಿಲ್ಲ. ಒಂದು ದಿನಾನೂ ಇಲ್ಲ. ಅಪ್ಪಂಗೆ ಅಷ್ಟು ಇಷ್ಟವಾದದ್ದು ನಂಗ್ಯಾಕೆ ಹಿಡಿಸಲ್ಲ ಅಂತ ಎಷ್ಟು ಸಲ ಅತ್ತಿದೀನಿ. ಇವತ್ತಾದ್ರೂ ಅರ್ಥ ಆಗುತ್ತೆ, ಇವತ್ತಾದ್ರೂ ಆಗುತ್ತೆ ಅಂತ ಪ್ರತಿ ವಾರ ಹಾಕ್ತಿದ್ದೆ. ಅಪ್ಪ ಬದುಕಿದ್ದಿದ್ರೆ ನನ್ನ ನೋಡಿ, ಇವಳಿಗೇನೂ ತಿಳಿಯಲ್ಲ ಅಂದ್ಕೊಳ್ತಿದ್ರು ಅಂತ ಹೆದ್ರಿಕೆ ನಂಗೆ.’

ಅಣ್ಣ, ಎಂಟು ವರ್ಷದ ಮಗುವಾಗಿದ್ದಾಗಿನಿಂದ ಇಪ್ಪತ್ತನಾಲ್ಕರವರೆಗೆ, ನೀವು ತನ್ನನ್ನು ಒಪ್ಪುತ್ತಿರಲಿಲ್ಲ ಎಂದು ಅವಳು ಒಳಗೇ ಕೊರಗಿದ್ದಾಳೆ. ನಾನು ಕಂಡ ಭಕ್ತಿಯೆಲ್ಲ ಆ ಕೊರಗು. ನನ್ನ ಒಂದು ಅರೆಗಳಿಗೆಯ ಓದಿನಿಂದ ಆದದ್ದು ಅದು. ಅದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಅವಳಲ್ಲೂ ಅಲ್ಲೇ ಕೇಳಿದೆ.

ಆಮೇಲೆ ನಾನೂ ಒಪ್ಪಿಕೊಂಡೆ. ‘ನಂಗೂ ಅದು ಇಷ್ಟ ಇಲ್ಲಮ್ಮ’ ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ‘ಮತ್ತೆ ಕಣ್ಣು ಮುಚ್ಕೊಂಡು ತಲೆ ಆಡಿಸ್ತಿದ್ರಲ್ಲ?’ ಎಂದಳು. ‘ನಿಂಗೋಸ್ಕರ’ ಎಂದೆ. ‘ನಾನು ನಿಮ್ಮನ್ನ ನೋಡಿ, ಇವರಿಗೂ ಅರ್ಥ ಆಗುತ್ತೆ, ನಂಗೊಬ್ಬಳಿಗೇ ಆಗಲ್ಲ ಅಂದ್ಕೊಳ್ತಿದ್ದೆ’ ಎಂದಳು. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ನೀವು, ನಾನು, ಮಗಳು, ಅವಳು, ಈ ಮನೆಯಲ್ಲಿ ಒಬ್ಬರಿಗೂ ಆ ಆಲ್ಬಮ್ ಬೇಕಿರಲಿಲ್ಲ. ಮೂವರೂ ನಕ್ಕೆವು. ನಿಮ್ಮ ಹೆಸರು ಹೇಳಿ ಆ ಮನೆಯಲ್ಲಿ ನಕ್ಕದ್ದು ಅದೇ ಮೊದಲು.

ಹೊರಡುವ ಬೆಳಿಗ್ಗೆ ಅವಳು ಕಿಟಕಿಯನ್ನು ಪೆಟ್ಟಿಗೆಗೆ ಇಟ್ಟುಕೊಂಡಳು. ಮೆಟ್ಟಿಲನ್ನು ಕೈಯಲ್ಲಿ ಹಿಡಿದು, ‘ಇದನ್ನ ಆ ತಾತಂಗೆ ಕೊಟ್ಟು ಹೋಗ್ತೀನಿ, ಅಪ್ಪ ಮಾತು ಕೊಟ್ಟಿದ್ರಲ್ಲ’ ಎಂದಳು. ಸರಿಯಾದ ಮಾತೇ. ಆದರೆ ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ಹಿಡಿದುಕೊಂಡಿತು. ‘ಇದು ಬೇಡ. ಇದು ನಂಗಿರ್ಲಿ. ಅವರಿಗೆ ಬೇಕಿರೋದು ಚಿತ್ರ ತಾನೇ, ಹೊದಿಕೆ ಕೊಡು’ ಎಂದೆ.

‘ಇಷ್ಟ ಇಲ್ಲ ಅಂದ್ರಲ್ಲ?’

‘ಇಲ್ಲ. ಆದ್ರೂ ಇರ್ಲಿ.’

ಅವಳು ರೆಕಾರ್ಡನ್ನು ಹೊರತೆಗೆದು ನನಗೆ ಕೊಟ್ಟಳು. ‘ಡಾಕ್ಟ್ರೇ, ಹದಿನಾರು ವರ್ಷ ಅಪ್ಪಂಗೆ ಯಾವುದು ಇಷ್ಟ ಅಂತಲೇ ನೋಡ್ತಾ ಬಂದೆ. ನಿಮಗೆ ಯಾವುದು ಇಷ್ಟ ಅಂತ ಒಂದು ಸಲಾನೂ ಕೇಳ್ಲಿಲ್ಲ’ ಎಂದಳು. ‘ಬರೆದುಕೊಡಿ. ಒಂದರಿಂದ ಏಳು. ಇನ್ನೂ ಅರ್ಧ ಗಂಟೆ ಇದೆ.’

ನಾನು ಅಂಗಡಿಯ ಚೀಟಿಯ ಹಿಂದೆಯೇ ಬರೆದೆ. ಮೇಲೆ ತಲೆಬರಹ ಹಾಕಿದೆ: ಎಲ್ಲಕ್ಕಿಂತ ಇಷ್ಟವಾದದ್ದು ಮೊದಲು, ಕಡಿಮೆ ಇಷ್ಟವಾದದ್ದು ಕೊನೆಗೆ. ಕೆಳಗಿನಿಂದ ಶುರುಮಾಡಿದೆ, ಅದು ಸುಲಭ. ಏಳು, ದೀಪದ ಕಂಬ, ಎಡವಿ ಎಡವಿ ಸಾಕಾಯಿತು. ಆರು, ಕೆಂಪು ಬಾಗಿಲು. ಐದು, ಖಾಲಿ ಕುರ್ಚಿ. ನಾಲ್ಕು, ಈಜುಕೊಳ, ಅವಳಮ್ಮನ ಆ ಒಂದು ಹಾಡಿಗಾಗಿ. ಮೂರು, ಕಿಟಕಿ. ಇನ್ನೂ ಮೇಲೆ ಹಾಕಬಹುದಿತ್ತು, ಆದರೆ ನಾನದನ್ನು ಕೇಳಿರುವುದು ಬಾಗಿಲ ಆಚೆಯಿಂದ ಒಂದೇ ಸಲ. ಎರಡು, ನಾಯಿ. ಒಂದನೆಯದನ್ನು ಬರೆಯುವಾಗ ಪೆನ್ನು ಒಂದಿಷ್ಟು ನಿಂತಿತು. ಆಮೇಲೆ ಬರೆದೆ, ಮೆಟ್ಟಿಲು.

ಅವಳು ಓದಿದಳು. ‘ಸುಳ್ಳು ಬರೀಬೇಡಿ ಡಾಕ್ಟ್ರೇ’ ಎಂದಳು.

‘ಸುಳ್ಳಲ್ಲಮ್ಮ. ನೀನು ಬಂದು ಪಕ್ಕದಲ್ಲಿ ಕೂರ್ತಿದ್ದಿದ್ದು ಇದಕ್ಕೇ. ನಂಗೆ ಅದರಲ್ಲಿ ಇನ್ನೇನೂ ಕೇಳಿಸ್ತಿರ್ಲಿಲ್ಲ’ ಎಂದೆ.

ಅವಳು ಪೆಟ್ಟಿಗೆ ಮತ್ತೆ ಬಿಚ್ಚಿ ಕಿಟಕಿಯ ಲಕೋಟೆ ಹೊರಗೆ ತೆಗೆದಳು. ಅದರೊಳಗೆ ನಿಮ್ಮ ಪಟ್ಟಿ ಆಗಲೇ ಇತ್ತು. ನನ್ನದನ್ನೂ ಮಡಿಸಿ ಅದರ ಮೇಲೆ ಇಟ್ಟಳು. ಮುಚ್ಚಿದಳು. ಆಮೇಲೆ ಬ್ಯಾಗು ಕೆಳಗಿಟ್ಟು ಬಂದು ನನ್ನ ಪಕ್ಕ ಕೂತಳು. ಯಾವ ಹಾಡೂ ಇರಲಿಲ್ಲ, ಬಸ್ಸಿನ ಹೊತ್ತಾಗುವವರೆಗೆ ಸುಮ್ಮನೆ ಕೂತಿದ್ದಳು.

ಅಣ್ಣ, ನಿಮ್ಮ ಮಗಳು ಈಗ ನಿಮ್ಮ ಹಾಡು ಕೇಳುತ್ತಿರುತ್ತಾಳೆ. ಅವಳನ್ನು ಹೆದರಿಸಬೇಡಿ, ಒಪ್ಪಿಕೊಂಡಿದ್ದೇನೆ ಎಂದು ಹೇಗಾದರೂ ತಿಳಿಸಿ. ಅವಳು ನಡೆಸುವ ಮಕ್ಕಳ ಕಾಲುಗಳಿಗೆ ಬಲ ಬರಲಿ, ಅವಳಿಗೆ ನಿಮ್ಮ ಹಾರೈಕೆಯೂ ನನ್ನ ಹಾರೈಕೆಯೂ ಕೂಡಿಯೇ ಇರಲಿ.

ಇಂತಿ, ನೀವು ಬಿಟ್ಟುಹೋದ ಮನೆಯಲ್ಲಿ ಜಾಗ ಪಡೆದ,
ನಿಮ್ಮ ತಮ್ಮ